ಬ್ರೇಕ್ ಮೇಷ್ಟ್ರು ಮತ್ತು ಕೆಸರಪ್ಪ

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರ ಕಾಲಡಿಗೆ. ಕಲಿಯುವವರು ಬರುತ್ತಾರೆ, ಹೋಗುತ್ತಾರೆ. ನಮ್ಮ ಮೇಷ್ಟ್ರು ಮಾತ್ರ ಇಪ್ಪತ್ತಾರು ವರ್ಷದಿಂದ ಅದೇ ಸೀಟಿನಲ್ಲಿದ್ದರು. ಅವರ ಬೂಟು ನೋಡಿದರೆ ಸಾಕು, ಕಸುಬು ತಿಳಿಯುತ್ತಿತ್ತು. ಎಡಗಾಲಿನದು ನಿನ್ನೆ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿತ್ತು, ಬಲಗಾಲಿನದರ ತಳ ಕಾಗದದಷ್ಟು ತೆಳ್ಳಗಾಗಿರುತ್ತಿತ್ತು. “ಒಂದೇ ಕಾಲಿಗೆ ತಳ ಹಾಕಿಸ್ಕೊಳ್ಳೋ ಗಿರಾಕಿ ನೀವೊಬ್ರೇ ಸಾರ್” ಎಂದು ಬೂಟು ಹೊಲಿಯುವವನು ನಗುತ್ತಿದ್ದ.

ಎದುರಿಗೆ ಸಿಕ್ಕಾಗ ಎಲ್ಲರೂ ಬರೀ ‘ಮೇಷ್ಟ್ರೇ’ ಎನ್ನುವರು, ಬೆನ್ನ ಹಿಂದೆ ‘ಬ್ರೇಕ್ ಮೇಷ್ಟ್ರು’. ಎದುರಿನ ಸಿಗ್ನಲ್ ಹಳದಿಯಾಗುವ ಮುಂಚೆಯೇ ಅವರ ಕಾಲು ಬ್ರೇಕಿನ ಮೇಲಿರುತ್ತಿತ್ತು. ನೂರು ಮಾರು ದೂರದಲ್ಲಿ ಯಾರೋ ರಸ್ತೆ ದಾಟಲೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದರೆ ಕಾರು ಇಲ್ಲಿಯೇ ನಿಂತುಬಿಡುತ್ತಿತ್ತು. ಕಲಿಯುವವರು ಕಕ್ಕಾಬಿಕ್ಕಿಯಾಗಿ “ನಾನೇನೂ ಮಾಡ್ಲಿಲ್ಲ ಸಾರ್” ಎಂದರೆ, “ಗೊತ್ತು, ಗೊತ್ತು, ನಾನೇ ಮಾಡಿದ್ದು, ಹೊರಡಿ” ಎಂದು ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಿದ್ದರು.

ಇಷ್ಟೊಂದು ಹೆದರುವ ಮನುಷ್ಯನಿಗೆ ಹಿಂದೆಂದೋ ಘೋರ ಅಪಘಾತ ಆಗಿರಬೇಕು ಎಂದು ಹೊಸಬರೆಲ್ಲ ಊಹಿಸುತ್ತಿದ್ದರು. ಏನೂ ಆಗಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಯಾರಿಗೂ ಒಂದು ಗೀರು ಬಿದ್ದಿರಲಿಲ್ಲ. ಅವರ ಹೆದರಿಕೆಯೆಲ್ಲ ಅಲ್ಲೇ ಇತ್ತು. ಇಷ್ಟು ವರ್ಷ ಆಗದೆ ಉಳಿದದ್ದು ಎಲ್ಲೋ ಒಂದು ತಿರುವಿನಲ್ಲಿ ತಮಗಾಗಿ ಕಾಯುತ್ತಿದೆ, ಇವತ್ತಲ್ಲ ನಾಳೆ ಎದುರಿಗೆ ಬಂದೇ ಬರುತ್ತದೆ ಎಂದು ಅವರು ಖಂಡಿತವಾಗಿ ನಂಬಿದ್ದರು. ಏನೂ ಆಗದೆ ಕಳೆದ ಪ್ರತಿಯೊಂದು ದಿನವೂ ಅವರ ಲೆಕ್ಕದಲ್ಲಿ ಆ ದಿನಕ್ಕೆ ಒಂದು ಹೆಜ್ಜೆ ಹತ್ತಿರವಾಗಿತ್ತು. ಈ ತರ್ಕಕ್ಕೆ ಮದ್ದಿಲ್ಲ. ಅವರ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವರು, ದಿನವಿಡೀ ಬೇರೆಯವರ ಕಣ್ಣಿಗೆ ಗಾಜು ಹೊಂದಿಸುವವರು. ಗಂಡನಿಗೆ ಹೊಂದುವ ಗಾಜು ಮಾತ್ರ ತಮ್ಮ ಅಂಗಡಿಯಲ್ಲಿಲ್ಲ ಎಂದು ಅವರು ಎಂದೋ ಕೈಚೆಲ್ಲಿದ್ದರು.

ಹೆದರಿಕೆ ಮೇಷ್ಟ್ರ ಪಾಡಿಗೆ ಇದ್ದಿದ್ದರೆ ಯಾರದೇನೂ ತಕರಾರಿರಲಿಲ್ಲ. ಈಗ ಅದು ಮಗಳ ಕುತ್ತಿಗೆಗೆ ಬಂದಿತ್ತು.

ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಮೂರು ವರ್ಷ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಕೂತು, ಬಂದವರ ತೋಳಿಗೆ ಪಟ್ಟಿ ಬಿಗಿದು, ಸೂಜಿ ಚುಚ್ಚಿ, ಸೀಸೆಗಳಿಗೆ ಚೀಟಿ ಅಂಟಿಸಿದ್ದಳು. ಹಾಸಿಗೆ ಬಿಟ್ಟು ಏಳಲಾರದವರ ಮನೆಗಳಿಗೇ ಹೋಗಿ ರಕ್ತ ತೆಗೆದು ತರುವ ಹೊಸ ಕೆಲಸವೊಂದನ್ನು ಲ್ಯಾಬಿನವರು ಶುರುಮಾಡಿದಾಗ ಮೊದಲು ಕೈಯೆತ್ತಿದವಳು ಅವಳೇ. ಕಾರನ್ನು ಲ್ಯಾಬೇ ಕೊಡುತ್ತದೆ, ಆದರೆ ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಬೇಕು. ಇಲ್ಲದಿದ್ದರೆ ಕೆಲಸ ಇನ್ನೊಬ್ಬರಿಗೆ, ಇವಳಿಗೆ ಮತ್ತೆ ಅದೇ ಕಿಟಕಿಯಿಲ್ಲದ ಕೋಣೆ. ಎರಡು ಸಲ ಪರೀಕ್ಷೆ ಕೊಟ್ಟಿದ್ದಳು. ಎರಡು ಸಲವೂ ಫೇಲು. ಎರಡು ಸಲವೂ ಫೇಲು ಮಾಡಿಸಿದ್ದು ಅಪ್ಪನ ಬಲಗಾಲು.

ಅಲ್ಲಿಯ ಪದ್ಧತಿ ಹೀಗಿತ್ತು: ಪರೀಕ್ಷೆ ನಡೆಯುವುದು ಸ್ಕೂಲಿನ ಕಾರಿನಲ್ಲೇ. ಕಲಿಸಿದ ಮೇಷ್ಟ್ರು ತಮ್ಮ ಸೀಟಿನಲ್ಲೇ ಇರಬೇಕು, ಇನ್‌ಸ್ಪೆಕ್ಟರ್ ಹಿಂದೆ ಕೂರುತ್ತಾರೆ. ಎರಡನೆಯ ಬ್ರೇಕನ್ನು ಸ್ವಲ್ಪ ಒತ್ತಿದರೂ ಡ್ಯಾಶ್‌ಬೋರ್ಡಿನೊಳಗೆ ‘ಪೀಂ’ ಎಂದು ಸದ್ದಾಗುತ್ತದೆ. ಸದ್ದಾಯಿತೋ, ಪರೀಕ್ಷೆ ಅಲ್ಲಿಗೆ ಮುಗಿಯಿತು. ಮೊದಲ ಸಲ ರಸ್ತೆಬದಿಯಲ್ಲಿ ನಾಯಿಯೊಂದು ಎದ್ದು ಮೈಮುರಿದಾಗ ಪೀಂ ಎಂದಿತು. ಎರಡನೆಯ ಸಲ ಏನೂ ಇರಲಿಲ್ಲ. ಖಾಲಿ ರಸ್ತೆ. “ಅಷ್ಟೊಂದು ಖಾಲಿಯಿದ್ದದ್ದಕ್ಕೇ ನನಗೆ ಅನುಮಾನ ಬಂತು” ಎಂದು ಮೇಷ್ಟ್ರು ಆಮೇಲೆ ಹೇಳಿದರು. ಮಗಳು ಎರಡು ದಿನ ಅವರೊಡನೆ ಮಾತು ಬಿಟ್ಟಿದ್ದಳು.

ಸ್ಕೂಲಿನ ಇನ್ನೊಬ್ಬ ಮೇಷ್ಟ್ರು ಹೆರ್ನಿಯಾ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಬೇರೆ ಸ್ಕೂಲಿಗೆ ಸೇರಿದರೆ ಮೊದಲಿಂದ ಇಪ್ಪತ್ತು ಪಾಠ ಕಲಿಯಬೇಕು, ಅಷ್ಟು ದಿನವಿರಲಿಲ್ಲ. ಮೂರನೆಯ ಪರೀಕ್ಷೆಗೂ ಅಪ್ಪನೇ ಗತಿ.

ಇಂಥ ಮನುಷ್ಯ ದಿನಕ್ಕೆ ಒಂದು ಗಂಟೆ ಮಾತ್ರ ಹಾಯಾಗಿರುತ್ತಿದ್ದರು. ಹತ್ತು ಗಂಟೆಯ ಪಾಠ ಮುಗಿದು ಹನ್ನೊಂದೂವರೆಯದು ಶುರುವಾಗುವ ಮುಂಚೆ ನೀರಿನ ಟ್ಯಾಂಕಿನ ಗೋಡೆಯ ನೆರಳಿಗೆ ಕಾರು ನಿಲ್ಲಿಸಿ, ಕೈ ಬ್ರೇಕು ಹಾಕಿ, ಗೇರಿನಲ್ಲೂ ಇಟ್ಟು, ಒಮ್ಮೆ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಆಮೇಲೆ ಚೀಲದಿಂದ ಅಂಗೈಯಗಲದ ಒಂದು ಆಟದ ಡಬ್ಬಿ ತೆಗೆಯುತ್ತಿದ್ದರು.

ಡಬ್ಬಿ ಮಗಳದು. ಅವಳು ಹೈಸ್ಕೂಲಿನಲ್ಲಿದ್ದಾಗ ಪರೀಕ್ಷೆಯ ಹೊತ್ತಿಗೆ ಮೇಷ್ಟ್ರೇ ಕಸಿದುಕೊಂಡು ಬೀರುವಿನ ಮೇಲಿಟ್ಟಿದ್ದರು. ಅವಳು ಅತ್ತು ಕರೆದು ಮರೆತಳು, ಇವರೂ ಮರೆತರು. ಎರಡು ವರ್ಷದ ಹಿಂದೆ ಬೀರು ಸರಿಸಿ ಗುಡಿಸುವಾಗ ಸಿಕ್ಕಿತು. ಮಗು ಅಷ್ಟು ಅಳುವಂಥದ್ದು ಇದರಲ್ಲಿ ಏನಿತ್ತು ನೋಡೇಬಿಡೋಣ ಎಂದು ಬ್ಯಾಟರಿ ಹಾಕಿದರು. ಅಲ್ಲಿಂದ ಕೆಳಗಿಟ್ಟಿಲ್ಲ.

ಆಟ ಮಾನ್‌ಸ್ಟರ್ ಸಾಕುವುದು. ಒಬ್ಬ ಪುಟಾಣಿ ಮನುಷ್ಯ ಹುಲ್ಲಿನ ನಡುವೆ ನಡೆಯುತ್ತಿರುತ್ತಾನೆ. ಹುಲ್ಲಿನೊಳಗಿಂದ ಚಿತ್ರವಿಚಿತ್ರ ಪ್ರಾಣಿಗಳು ಹಾರಿ ಬೀಳುತ್ತವೆ. ಅವನ್ನು ಬಲೆ ಬೀಸಿ ಹಿಡಿಯಬೇಕು, ತಿನ್ನಿಸಬೇಕು, ಪಳಗಿಸಬೇಕು, ಬೇರೆ ಮಾನ್‌ಸ್ಟರ್‌ಗಳ ಮೇಲೆ ಕಾದಾಡಿಸಿ ಲೆವೆಲ್ ಏರಿಸಬೇಕು. ಒಂದು ಸಲಕ್ಕೆ ಆರು ಮರಿಗಳನ್ನು ಜೊತೆಗೆ ಒಯ್ಯಬಹುದು. ದಾರಿಯಲ್ಲಿ ಎಂಟು ಬಾಗಿಲು, ಎಂಟು ಕಾವಲುಗಾರರು. ಒಬ್ಬೊಬ್ಬನನ್ನೂ ಸೋಲಿಸಿದರೆ ಮುಂದಿನ ಊರು.

ಈ ಆಟದಲ್ಲಿ ಮೇಷ್ಟ್ರಿಗೆ ಹಿಡಿಸಿದ್ದು ಅದರ ಮರ್ಯಾದೆ. ಎದುರಾಳಿ ಎಷ್ಟೇ ಭಯಂಕರನಾಗಿರಲಿ, ಬಾಯಲ್ಲಿ ಬೆಂಕಿ ಉಗುಳುತ್ತಿರಲಿ, ನಿಮ್ಮ ಸರದಿ ಮುಗಿಯುವವರೆಗೆ ಕೈಕಟ್ಟಿ ನಿಂತಿರುತ್ತಾನೆ. ನೀವು ಯೋಚಿಸಬಹುದು. ಡಬ್ಬಿಯನ್ನು ಮಡಿಲಲ್ಲಿಟ್ಟು, ನೀರು ಕುಡಿದು, ಕನ್ನಡಕ ಒರೆಸಿ, ಮತ್ತೆ ಯೋಚಿಸಬಹುದು. ಯಾವ ಲಾರಿ ಹೀಗೆ ಕಾಯುತ್ತದೆ? ಯಾವ ಸೈಕಲ್ಲಿನವನು ‘ನಿಮ್ಮದಾಗಲಿ ಸಾರ್, ಆಮೇಲೆ ನಾನು ಅಡ್ಡ ಬರ್ತೀನಿ’ ಎನ್ನುತ್ತಾನೆ? ಅದೂ ಸಾಲದೆಂದು ‘ಓಡಿಹೋಗು’ ಎಂಬ ಒಂದು ಗುಂಡಿ ಬೇರೆ ಇತ್ತು. ಅದನ್ನು ಒತ್ತಿದರೆ ಯಾರೂ ನಗುತ್ತಿರಲಿಲ್ಲ. ಹುಲ್ಲಿಗೆ ಇಳಿಯುವ ಮುಂಚೆ ಒಮ್ಮೆ ಸೇವ್ ಮಾಡಿಟ್ಟರೆ, ಏನು ಅನಾಹುತವಾದರೂ ಡಬ್ಬಿ ಆರಿಸಿ ಹೊತ್ತಿಸಿದರಾಯಿತು, ಆಗಿದ್ದೆಲ್ಲ ಆಗಿಯೇ ಇಲ್ಲ. ಮೇಷ್ಟ್ರು ಹತ್ತು ಹೆಜ್ಜೆಗೊಮ್ಮೆ ಸೇವ್ ಮಾಡುತ್ತಿದ್ದರು.

ಹಾಗೆಂದು ಆಟ ಅವರನ್ನು ಗೋಳು ಹೊಯ್ದುಕೊಳ್ಳದೆ ಬಿಟ್ಟಿತೆಂದಲ್ಲ. ಮಾಡಿದವರ ಮನೆ ಹಾಳಾಗ, ಒಂದು ಗುಹೆಯಿತ್ತು. ಅದರಲ್ಲಿ ಮೂರು ಹೆಜ್ಜೆಗೊಂದು ಬಾವಲಿ. ಕೆಲಸಕ್ಕೆ ಬಾರದ ಬಾವಲಿ. ಹೊಡೆದರೆ ಲೆವೆಲ್ ಏರುವುದಿಲ್ಲ, ಬಿಟ್ಟರೆ ದಾರಿ ಬಿಡುವುದಿಲ್ಲ. ಮೊಟ್ಟೆಯೊಂದನ್ನು ಮರಿ ಮಾಡಿಸಲು ಐದು ಸಾವಿರ ಹೆಜ್ಜೆ ನಡೆಸಬೇಕಿತ್ತು. ಮೇಷ್ಟ್ರು ಆ ಪುಟಾಣಿ ಮನುಷ್ಯನನ್ನು ಒಂದೇ ಬೇಲಿಯ ಪಕ್ಕ ವಾರಗಟ್ಟಲೆ ಅತ್ತಿಂದಿತ್ತ ಅಲೆಸಿದರು. ಮರಿಯಾದದ್ದು ಇನ್ನೊಂದು ಬಾವಲಿ. ಅಪರೂಪದ ಒಂದು ಬೆಳ್ಳಿ ಹಲ್ಲಿಯ ಮೇಲೆ ಬಲೆ ಬೀಸಿ ಬೀಸಿ ನಲವತ್ತು ಬಲೆ ಮುಗಿದು, ಕಡೆಯ ಬಲೆಯೊಳಗೆ ಅದು ಮೂರು ಸಲ ಮಿಸುಕಿ, ಇನ್ನೇನು ಸಿಕ್ಕಿತು ಎನ್ನುವಾಗ ಬ್ಯಾಟರಿ ತೀರಿಹೋಯಿತು. ಆ ದಿನ ಹನ್ನೊಂದೂವರೆಯ ಪಾಠಕ್ಕೆ ಬಂದ ಬ್ಯಾಂಕಿನ ಗುಮಾಸ್ತೆ, ಮೇಷ್ಟ್ರ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ತಿಳಿದು ರಸ್ತೆಯುದ್ದಕ್ಕೂ ಸುಮ್ಮನೆ ಓಡಿಸಿದಳಂತೆ.

ಆರು ಮರಿಗಳಲ್ಲಿ ಅವರ ಜೀವ ಇದ್ದದ್ದು ಒಂದರ ಮೇಲೆ. ಅದು ಎರಡು ಕಣ್ಣಿರುವ ಮಣ್ಣಿನ ಮುದ್ದೆ, ಬೇರೇನೂ ಅಲ್ಲ. ಮಗಳು ಹುಡುಗಿಯಾಗಿದ್ದಾಗ ಹಿಡಿದು ಕೆಸರಪ್ಪ ಎಂದು ಹೆಸರಿಟ್ಟಿದ್ದಳು. ಆಟದಲ್ಲಿ ಒಂದೊಂದು ಮರಿಗೂ ಒಂದು ಸ್ವಭಾವ ಬರೆದಿರುತ್ತದೆ, ಕೆಸರಪ್ಪನ ಹೆಸರಿನ ಕೆಳಗೆ ‘ಅಂಜುಬುರುಕ’ ಎಂದಿತ್ತು. ಅದನ್ನು ಓದಿದ ಕ್ಷಣವೇ ಮೇಷ್ಟ್ರ ಕರುಳು ಚುರುಕ್ ಎಂದಿತು. ಇದಕ್ಕೆ ಯಾರ ಏಟೂ ಬೀಳದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಅವರು ಅಲ್ಲೇ ತೀರ್ಮಾನಿಸಿದರು.

ಅದಕ್ಕೊಂದು ಉಪಾಯವೂ ಇತ್ತು. ಜಗಳಕ್ಕೆ ಮೊದಲು ಕೆಸರಪ್ಪನನ್ನು ಇಳಿಸುವುದು, ಎದುರಾಳಿ ಕೈಯೆತ್ತುವ ಮುಂಚೆ ಹಿಂದಕ್ಕೆ ಕರೆಸಿಕೊಂಡು ಬಲಶಾಲಿ ಮರಿಯೊಂದನ್ನು ಮುಂದೆ ಬಿಡುವುದು. ಗೆದ್ದದ್ದು ಬೇರೆಯವನಾದರೂ, ರಂಗಕ್ಕೆ ಇಳಿದು ಬಂದ ಲೆಕ್ಕದಲ್ಲಿ ಕೆಸರಪ್ಪನಿಗೂ ಅರ್ಧ ಪಾಲು ಅಂಕ ಸಿಗುತ್ತಿತ್ತು. ಹೀಗೆ ಒಂದೂವರೆ ವರ್ಷ. ಒಂದೇ ಒಂದು ಏಟು ತಿನ್ನದೆ, ಒಂದೇ ಒಂದು ಏಟು ಕೊಡದೆ ಕೆಸರಪ್ಪ ಐವತ್ತೆಂಟನೆಯ ಲೆವೆಲ್‌ಗೆ ಏರಿದ. ಮೇಷ್ಟ್ರು ಯಾರಲ್ಲೂ ಹೇಳಿಕೊಳ್ಳಲಾಗದ ಹೆಮ್ಮೆಯಿಂದ ಆ ಸಂಖ್ಯೆಯನ್ನು ಆಗಾಗ ತೆಗೆದು ನೋಡುತ್ತಿದ್ದರು.

ಮೂರನೆಯ ಪರೀಕ್ಷೆಗೆ ಹದಿನೈದು ದಿನವಿರುವಾಗ ಅವರು ಎಂಟನೆಯ ಬಾಗಿಲಿಗೆ ಬಂದರು. ಅಲ್ಲಿನ ಕಾವಲುಗಾರ ಮೇಷ್ಟ್ರ ಐದು ಮರಿಗಳನ್ನು ಒಂದರ ಹಿಂದೊಂದು ಕೆಡವಿದ. ಅವನ ಬಳಿ ಉಳಿದದ್ದು ಒಂದು ಸೋತು ಸುಣ್ಣವಾದ ಆಮೆ, ಲೆವೆಲ್ ನಲವತ್ತೈದು. ಇವರ ಬಳಿ ಉಳಿದದ್ದು ಕೆಸರಪ್ಪ. ಕರೆಸಿಕೊಳ್ಳಲು ಹಿಂದೆ ಯಾರೂ ಇಲ್ಲ. ‘ಓಡಿಹೋಗು’ ಗುಂಡಿ ಕಾವಲುಗಾರರ ಮುಂದೆ ಕೆಲಸ ಮಾಡುವುದಿಲ್ಲ. ಆದರೂ ಐವತ್ತೆಂಟು ಎಲ್ಲಿ, ನಲವತ್ತೈದು ಎಲ್ಲಿ ಎಂದು ಧೈರ್ಯ ತಂದುಕೊಂಡು ‘ಹೊಡೆ’ ಒತ್ತಿದರು.

ಪರದೆಯ ಮೇಲೆ ಅಕ್ಷರ ಮೂಡಿತು: ಕೆಸರಪ್ಪ ಹಿಂದಿರುಗಿ ನಿಮ್ಮನ್ನೇ ನೋಡುತ್ತಿದ್ದಾನೆ.

ಮೇಷ್ಟ್ರು ಮತ್ತೆ ಒತ್ತಿದರು. ಮತ್ತೆ ಅದೇ ಸಾಲು. ಆಮೆ ನಿಧಾನವಾಗಿ ಒಂದು ಏಟು ಕೊಟ್ಟಿತು. ಒಂದೇ ಏಟು. ಕೆಸರಪ್ಪ ಬಿದ್ದ.

ಆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಮಗಳ ಜೊತೆ ತಾವಾಗಿ ಮಾತಾಡಿದರು. ಡಬ್ಬಿಯನ್ನು ಅವಳ ತಟ್ಟೆಯ ಪಕ್ಕ ಇಟ್ಟರು.

“ಪುಟ್ಟಿ, ಇದ್ಯಾಕೆ ಹೀಗೆ? ಐವತ್ತೆಂಟು ಲೆವೆಲ್ ಇದೆ, ಕೆಲಸ ಮಾಡ್ತಾ ಇಲ್ಲ. ಡಬ್ಬಿ ಕೆಟ್ಟಿದ್ಯಾ ನೋಡು.”

ಮಗಳು ಎಡಗೈಯಲ್ಲಿ ಗುಂಡಿ ಒತ್ತುತ್ತ ಒಳಗಿನ ಪುಟಗಳನ್ನು ನೋಡಿದಳು. ಹುಬ್ಬು ಮೇಲೇರಿತು.

“ಅಪ್ಪಾ, ಇದು ಒಂದು ಸಲಾನೂ ಜಗಳ ಆಡಿಲ್ವಲ್ಲ!”

“ಆಡೋಕೆ ಬಿಟ್ರೆ ತಾನೆ? ಹಾಗೆ ನೋಡ್ಕೊಂಡಿದೀನಿ.”

“ನೋಡ್ಕೊಂಡಿರೋದಲ್ಲ ಇದು, ಹಾಳು ಮಾಡಿರೋದು. ಲೆವೆಲ್ ಬರೀ ನಂಬರು ಕಣಪ್ಪಾ. ಏಟು ತಿಂದಾಗ, ಏಟು ಕೊಟ್ಟಾಗ ಒಳಗೊಳಗೆ ಧೈರ್ಯ ಅಂತ ಬೇರೆ ಒಂದು ಏರುತ್ತೆ. ಇಲ್ನೋಡು, ಧೈರ್ಯ ಸೊನ್ನೆ. ಅದಕ್ಕೆ ನಿನ್ನ ಮುಖ ನೋಡ್ತಾ ನಿಂತಿದೆ. ನೀನು ಬಂದು ಎತ್ಕೋತೀಯ ಅಂತ ಕಾಯ್ತಿದೆ, ಪಾಪ.”

ಹೆಂಡತಿ ಬಡಿಸುತ್ತಿದ್ದ ಸೌಟು ಹಿಡಿದುಕೊಂಡೇ ಗಂಡನ ಮುಖ ನೋಡಿದರು, ಮಗಳ ಮುಖ ನೋಡಿದರು, ಸೌಟನ್ನು ಪಾತ್ರೆಯೊಳಗೆ ಬಿಟ್ಟು ಒಳಗೆ ಹೋದರು. ಮೇಷ್ಟ್ರು ದಡ್ಡರಲ್ಲ. “ಆಟ ಬೇರೆ, ರಸ್ತೆ ಬೇರೆ” ಎಂದು ತಟ್ಟೆಗೆ ಹೇಳಿದರು.

“ನಾನೆಲ್ಲಿ ರಸ್ತೆ ಅಂದೆ?” ಎಂದಳು ಮಗಳು.

ಮಾರನೆಯ ದಿನದಿಂದ ನೀರಿನ ಟ್ಯಾಂಕಿನ ನೆರಳಲ್ಲಿ ಹೊಸ ಪಾಠ ಶುರುವಾಯಿತು. ಮೊದಲನೆಯ ಊರಿನ ಹುಲ್ಲಿಗೆ ವಾಪಸು ಹೋಗಿ, ಎರಡು ಲೆವೆಲ್ಲಿನ ಬಸವನಹುಳುಗಳ ಎದುರಿಗೆ ಕೆಸರಪ್ಪನನ್ನು ಒಂಟಿಯಾಗಿ ನಿಲ್ಲಿಸುವುದು. ಹುಳು ಕೊಂಬು ಅಲ್ಲಾಡಿಸಿದರೆ ಸಾಕು, ಮೇಷ್ಟ್ರ ಹೆಬ್ಬೆರಳು ತಾನಾಗಿ ‘ಹಿಂದೆ ಕರೆ’ ಗುಂಡಿಗೆ ಹೋಗುತ್ತಿತ್ತು. ಎಡಗೈಯಿಂದ ಬಲಗೈ ಹಿಡಿದುಕೊಂಡು ನೋಡಿದರು. ಹೆಬ್ಬೆರಳನ್ನು ಮಡಚಿ ಅದರ ಮೇಲೆ ಕೂತು ನೋಡಿದರು. ನಾಲ್ಕನೆಯ ದಿನ ಕಣ್ಣು ಮುಚ್ಚಿಕೊಂಡು ಇಪ್ಪತ್ತರವರೆಗೆ ಎಣಿಸಿದರು; ಕಣ್ಣು ಬಿಟ್ಟಾಗ ಕೆಸರಪ್ಪ ಏಟು ತಿಂದು ಅಲ್ಲೇ ನಿಂತಿದ್ದ. ಹತ್ತನೆಯ ದಿನ ಅವನು ಯಾರ ಮುಖವನ್ನೂ ನೋಡದೆ ಹುಳುವಿಗೆ ಒಂದು ಬಾರಿಸಿದ. ಮೇಷ್ಟ್ರು ಕಾರಿನೊಳಗೆ ಒಬ್ಬರೇ ಚಪ್ಪಾಳೆ ತಟ್ಟಿದರು.

“ಈ ಸಲ ಕಾಲು ಇಡಲ್ಲ” ಎಂದು ಅವತ್ತು ಮನೆಯಲ್ಲಿ ಹೇಳಿದರು. ಮಗಳು ನಂಬಲಿಲ್ಲವಾದರೂ ನಕ್ಕಳು. ಅವರಂತೂ ನಂಬಿದ್ದರು.

ನಂಬಿದ್ದು ಪರೀಕ್ಷೆಯ ಬೆಳಗಿನವರೆಗೆ. ಅಂದು ಬೂಟಿನ ದಾರ ಮೂರು ಸಲ ಕಟ್ಟಿ ಬಿಚ್ಚಿದರು. ಇವತ್ತೇ, ಇಷ್ಟು ವರ್ಷ ಆಗದೆ ಉಳಿದದ್ದು ಇವತ್ತೇ ಆಗುತ್ತದೆ, ಅದೂ ಇವಳ ಕೈಯಲ್ಲಿ ಆಗುತ್ತದೆ ಎಂದು ಹೊಟ್ಟೆಯೊಳಗೆ ಯಾರೋ ಕೂತು ಹೇಳುತ್ತಿದ್ದರು. ಜ್ವರ ಎಂದು ಹೇಳಿ ಮಲಗಿಬಿಡಲೇ ಎನ್ನಿಸಿತು. ಮೇಷ್ಟ್ರು ಬಾರದಿದ್ದರೂ ಫೇಲೇ. ಹೊರಟರು.

ಇನ್‌ಸ್ಪೆಕ್ಟರ್ ಮೇಡಂ ಹಿಂದಿನ ಸೀಟಿನಲ್ಲಿ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಕನ್ನಡಕದ ಮೇಲಿಂದ ಮೇಷ್ಟ್ರನ್ನು ನೋಡಿದರು. “ಮತ್ತೆ ನೀವೇನಾ?” ಎಂದರು. ಮಗಳು ಕನ್ನಡಿ ಸರಿಮಾಡಿಕೊಂಡಳು. ಅವಳ ಕತ್ತಿನ ನರ ಪಟಪಟ ಹೊಡೆದುಕೊಳ್ಳುವುದು ಮೇಷ್ಟ್ರಿಗೆ ಕಾಣುತ್ತಿತ್ತು.

ಹೊರಟದ್ದು ಚೆನ್ನಾಗಿಯೇ ಇತ್ತು. ಮಾರುಕಟ್ಟೆಯ ತಿರುವು, ಸ್ಕೂಲಿನ ಮುಂದಿನ ಉಬ್ಬು, ಎಡಕ್ಕೆ ಸಿಗ್ನಲ್ಲು. ಒಂದೊಂದು ಕಡೆಯಲ್ಲೂ ಬಲಗಾಲು ಎದ್ದಿತು, ಒಂದೊಂದು ಕಡೆಯಲ್ಲೂ ಮೇಷ್ಟ್ರು ಹಲ್ಲು ಕಚ್ಚಿ ಅದನ್ನು ಕೆಳಗಿಳಿಸಿದರು. ಬಸ್ ಡಿಪೋದ ಹಿಂದಿನ ಇಳಿಜಾರಿಗೆ ಬಂದರು. ರಸ್ತೆಬದಿಗೆ ಎರಡು ದೊಡ್ಡ ವ್ಯಾನುಗಳು ನಿಂತಿದ್ದವು. ಆ ಎರಡರ ಸಂದಿನಿಂದ ಒಬ್ಬ ಮನುಷ್ಯ ಸುರುಳಿ ಸುತ್ತಿದ ಹಾಸಿಗೆಯೊಂದನ್ನು ಈ ಕಡೆಯ ಹೆಗಲ ಮೇಲೆ ಹೊತ್ತು ರಸ್ತೆಗೆ ಇಳಿದುಬಿಟ್ಟ. ಹಾಸಿಗೆ ಅಡ್ಡವಿದ್ದುದರಿಂದ ಅವನಿಗೆ ಈ ಕಡೆ ಏನೇನೂ ಕಾಣುತ್ತಿರಲಿಲ್ಲ.

ಮೇಷ್ಟ್ರು ನೋಡಿದರು. ಇದೇ ಅದು ಎಂದು ತಿಳಿಯಿತು. ಪರೀಕ್ಷೆ, ಲೈಸೆನ್ಸು, ಮಾತು ಕೊಟ್ಟದ್ದು, ಎಲ್ಲ ಮರೆತುಹೋಗಿ ಬ್ರೇಕು ಒತ್ತಿದರು.

ಪೀಂ ಎನ್ನಲಿಲ್ಲ. ಕಾರು ಹೋಗುತ್ತಲೇ ಇತ್ತು.

ಕೆಳಗೆ ನೋಡಿದರು. ಕಾಲು ಇದ್ದಲ್ಲೇ ಇತ್ತು. ಒತ್ತು ಎಂದು ಹೇಳಿದರು, ಅದು ಅಲುಗಲಿಲ್ಲ. ಮರದ ಕಾಲಿನ ಹಾಗೆ, ಬೇರೆ ಯಾರದೋ ಕಾಲಿನ ಹಾಗೆ ಮ್ಯಾಟಿನ ಮೇಲೆ ಬಿದ್ದಿತ್ತು. ಕೂಗಲು ಬಾಯಿ ತೆರೆದರು, ಸದ್ದು ಹೊರಡಲಿಲ್ಲ. ಹಾಸಿಗೆಯ ಮೇಲಿನ ನೀಲಿ ಪಟ್ಟೆಗಳು ದೊಡ್ಡದಾಗುತ್ತ ಬಂದವು. ಒಂದು ಕ್ಷಣ ಹೋಯಿತು, ಎರಡನೆಯದೂ ಹೋಯಿತು. ಆಮೇಲೆ ಕಾರು ಕಿರ್ರೆಂದು ಮುಗ್ಗರಿಸಿ ನಿಂತಿತು. ಎಲ್ಲರೂ ಮುಂದಕ್ಕೆ ಬಾಗಿ ಹಿಂದಕ್ಕೆ ಬಿದ್ದರು. ಹಾಸಿಗೆಯ ತುದಿ ಬಾನೆಟ್ಟಿಗೆ ಮೆತ್ತಗೆ ತಾಗಿತು.

ಹೊತ್ತವನು ಏನಾಯಿತೆಂದು ಸುತ್ತ ತಿರುಗಿದ. ಹಾಸಿಗೆಯೂ ಅವನ ಜೊತೆ ತಿರುಗಿ ಪಕ್ಕದ ಕನ್ನಡಿಯನ್ನು ಒರೆಸಿತು. “ಕಣ್ಣು ಕಾಣಿಸಲ್ವೇನ್ರೀ?” ಎಂದು ಬೈದು ದಾಟಿಹೋದ.

ಹಿಂದೆ ಪೆನ್ನು ಗೀಚುವುದು ಕೇಳಿಸಿತು.

“ಬ್ರೇಕು ತಡ ಆಯ್ತು” ಎಂದರು ಮೇಡಂ, ಸ್ಟೀರಿಂಗ್ ಹಿಡಿದವಳಿಗೆ. “ಆದ್ರೆ ನೀವೇ ಹಿಡಿದ್ರಿ. ನಡೀರಿ, ಆಫೀಸಿಗೆ.” ಆಫೀಸಿನ ಅಂಗಳದಲ್ಲಿ ಇಳಿಯುವಾಗ ಚೀಟಿ ಹರಿದು ಮಗಳ ಕೈಗಿಟ್ಟರು. ಪಾಸು. ಆಮೇಲೆ ಮೇಷ್ಟ್ರ ಕಡೆ ತಿರುಗಿ, “ನಿಮ್ಮನ್ನ ಎಷ್ಟು ವರ್ಷದಿಂದ ನೋಡ್ತಿದೀನಿ ಸಾರ್. ಅಂಥ ಹೊತ್ತಲ್ಲೂ ಕಾಲು ತಡ್ಕೊಂಡ್ರಲ್ಲ, ನಾನಾಗಿದ್ರೆ ಆಗ್ತಿರ್ಲಿಲ್ಲ” ಎಂದರು.

ಸುದ್ದಿ ಅವರಿಗಿಂತ ಮುಂಚೆ ಸ್ಕೂಲು ಸೇರಿತ್ತು. ಯಜಮಾನರು ಬೆನ್ನು ತಟ್ಟಿದರು. ಹೆಂಡತಿ ಕನ್ನಡಕದ ಅಂಗಡಿಯಿಂದಲೇ ಫೋನು ಮಾಡಿ, “ಕೊನೆಗೂ ಮಗಳನ್ನ ನಂಬಿದ್ರಲ್ಲರೀ” ಎಂದು ಅತ್ತರು. ಮೇಷ್ಟ್ರು ಎಲ್ಲರಿಗೂ ಹೂಂ ಹೂಂ ಎಂದರು. ನಿಜ ಹೇಳಲು ಎರಡು ಸಲ ಬಾಯಿ ತೆರೆದರು. ಹೊಗಳಿಕೆಯ ನಡುವೆ ಅದಕ್ಕೆ ಜಾಗ ಸಿಗಲಿಲ್ಲ.

ಎಲ್ಲರೂ ಹೋದ ಮೇಲೆ ನಿಂತ ಕಾರಿನಲ್ಲಿ ತಮ್ಮ ಸೀಟಿನಲ್ಲಿ ಕೂತು ಬ್ರೇಕು ಒತ್ತಿದರು. ಪೀಂ. ಮತ್ತೆ ಒತ್ತಿದರು. ಪೀಂ. ಕಾಲು ಚೆನ್ನಾಗಿತ್ತು. ನಾಯಿ ಮೈಮುರಿದರೆ ಒತ್ತುವ ಕಾಲು, ಖಾಲಿ ರಸ್ತೆಗೆ ಒತ್ತುವ ಕಾಲು, ಬೇಕಾದ ಒಂದೇ ಒಂದು ಸಲ ಬರಲಿಲ್ಲ. ಇಪ್ಪತ್ತಾರು ವರ್ಷ ಈ ಕಾಲನ್ನು ನಂಬಿ ಎಷ್ಟು ಜನರ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ ಎಂದು ಯೋಚಿಸಿದರು. ಇಷ್ಟು ದಿನ ಹೆದರಿದ್ದು ಹೆದರಿಕೆಯೇ ಅಲ್ಲ ಎನ್ನಿಸುವಂಥ ಹೆದರಿಕೆ ಈಗ ಬಂತು. ಹನ್ನೊಂದೂವರೆಗೆ ಬಂದ ಗುಮಾಸ್ತೆಗೆ, “ಇವತ್ತು ಪಾಠ ಇಲ್ಲಮ್ಮ, ಗಾಡಿ ಸರಿ ಇಲ್ಲ” ಎಂದು ಸುಳ್ಳು ಹೇಳಿ ಕಳಿಸಿದರು.

ಸಂಜೆ ಮಗಳು ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಪಾಸಾದವಳ ಹಾಗೆ ಕಾಣುತ್ತಿರಲಿಲ್ಲ. ಮೇಷ್ಟ್ರು ಪಕ್ಕದಲ್ಲಿ ಕೂತರು. ತಡ ಮಾಡಿದರೆ ಹೇಳಲಾರೆ ಎಂದು ಕೂತ ಕೂಡಲೇ ಹೇಳಿಬಿಟ್ಟರು.

“ಪುಟ್ಟಿ, ಎಲ್ರೂ ತಪ್ಪು ತಿಳ್ಕೊಂಡಿದಾರೆ. ನಾನು ತಡ್ಕೊಳ್ಳಲಿಲ್ಲ. ನಾನು ಒತ್ತಿದೆ. ಕಾಲು ಬರಲಿಲ್ಲ.”

ಬೈದಾಳು ಎಂದು ಅವರು ತಲೆ ತಗ್ಗಿಸಿದರು. ಅವಳು ಅವರ ಮುಖ ನೋಡದೆ ಹೇಳಿದಳು.

“ಅವನು ರಸ್ತೆಗೆ ಇಳಿದಾಗಲೇ ನಾನು ನೋಡಿದೆ ಅಪ್ಪಾ. ನಿನಗಿಂತ ಮುಂಚೆ ನೋಡಿದೆ.”

“ಮತ್ತೆ?”

“ನೀನು ಒತ್ತುತೀಯ ಅಂತ ಕಾಯ್ತಾ ಇದ್ದೆ.”

ಆ ಎರಡು ಕ್ಷಣ. ಇಬ್ಬರೂ ಒಂದೇ ಕಾಲಿಗೆ ಕಾಯುತ್ತ ಕೂತಿದ್ದರು, ಅದು ಬರುವುದೇ ಇಲ್ಲ ಎಂದು ಗೊತ್ತಾಗಲು ಅಷ್ಟು ಹೊತ್ತು ಹಿಡಿದಿತ್ತು.

“ಸೋಮವಾರದಿಂದ ಲ್ಯಾಬಿನ ಕಾರಲ್ಲಿ ನಿನ್ನ ಬ್ರೇಕು ಇರಲ್ಲ” ಎಂದಳು ಮಗಳು. ದನಿ ಚಿಕ್ಕದಾಗಿತ್ತು. “ಪಾಸಾದಾಗಿಂದ ಅದೇ ಯೋಚನೆ. ನಂಗೆ ಹೆದರಿಕೆ ಆಗ್ತಿದೆ ಅಪ್ಪಾ.”

ಇಪ್ಪತ್ತಾರು ವರ್ಷ ಹೆದರುವುದನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯನಿಗೆ ಹೆದರಿದವರಿಗೆ ಏನು ಹೇಳಬೇಕೆಂದು ಹೊಳೆಯಲಿಲ್ಲ. ಸ್ಕೂಲಿನ ಕಾರು ಮನೆಯ ಮುಂದಿನ ಬೀದಿಯಲ್ಲೇ ನಿಂತಿತ್ತು. ಮೇಷ್ಟ್ರು ಎದ್ದರು.

“ಇನ್ನೂ ಬೆಳಕಿದೆ. ಆ ಇಳಿಜಾರಿಗೆ ಇನ್ನೊಂದು ಸಲ ಹೋಗಿ ಬರೋಣ ಬಾ. ಚೀಟಿ ಇಟ್ಕೊ.”

ಮಗಳು ಸ್ಟೀರಿಂಗಿನ ಮುಂದೆ ಕೂತಳು. ಮೇಷ್ಟ್ರು ಅಭ್ಯಾಸಬಲದಿಂದ ಪಕ್ಕದ ಬಾಗಿಲಿಗೆ ಕೈಹಾಕಿದರು, ತೆರೆದರು, ಅರೆಗಳಿಗೆ ನಿಂತರು, ಮುಚ್ಚಿದರು. ಹಿಂದಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತರು. ಇಷ್ಟು ವರ್ಷದಲ್ಲಿ ಆ ಕಾರಿನ ಹಿಂದಿನ ಸೀಟಿನಲ್ಲಿ ಅವರು ಕೂತದ್ದೇ ಇಲ್ಲ. ಕಾಲು ಚಾಚಿದರು, ಅಲ್ಲಿ ಒತ್ತಲು ಏನೂ ಇರಲಿಲ್ಲ.

“ಅಲ್ಲ್ಯಾಕೆ ಕೂತೆ?” ಎಂದು ಮಗಳು ಕನ್ನಡಿಯಲ್ಲಿ ನೋಡಿದಳು.

“ಕನ್ನಡಿ ಬಿಡು” ಎಂದರು ಮೇಷ್ಟ್ರು. ಅವರ ಹಲ್ಲು ಕಟಕಟ ಎನ್ನುತ್ತಿತ್ತು. “ನನ್ನ ಮುಖ ನೋಡ್ಬೇಡ. ಮುಂದೆ ನೋಡು, ಪುಟ್ಟಿ.”

ಅವಳು ಕನ್ನಡಿಯಿಂದ ಕಣ್ಣು ಕಿತ್ತು ಮೊದಲನೆಯ ಗೇರು ಹಾಕಿದಳು. ಮೇಷ್ಟ್ರು ಎರಡೂ ಕೈಯಿಂದ ಮುಂದಿನ ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡರು, ಕಾರು ಹೊರಟಿತು.